ಮೊದಲು ದಾರಿ ಬೇಡದ ಜಾಗ ಗುರುತಿಸಿ: ಉದ್ಯಾನದ ಯೋಜನಾ ಸಮಿತಿಗೆ ಒಂದು ಬಹಿರಂಗ ಪತ್ರ

ನಿಸರ್ಗ ಉದ್ಯಾನದ ಯೋಜನಾ ಸಮಿತಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

ಜನ ನೋಡಿ ಅಭಿಪ್ರಾಯ ಹೇಳಲಿ ಎಂದು ನೀವು ಹೊರಗಿಟ್ಟ ಕರಡು ನಕ್ಷೆಯನ್ನು ಮೂರು ಸಲ ನೋಡಿದೆ. ಮೊದಲ ಸಲ ಖುಷಿಯಾಯಿತು. ಇಷ್ಟು ವರ್ಷ ಒಂದೇ ಒಂದು ಹಳೇ ಕಾಲುದಾರಿಯಿಂದ ಇಣುಕಿ ನೋಡುತ್ತಿದ್ದ ಕಾಡು, ಹುಲ್ಲುಗಾವಲು, ಹಳ್ಳದ ದಂಡೆ ಎಲ್ಲವೂ ಇನ್ನು ಎಲ್ಲರಿಗೂ ಸಿಗುತ್ತದೆ ಅನ್ನಿಸಿತು. ಎರಡನೇ ಸಲ ಗೆರೆಗಳ ಮೇಲೆ ಬೆರಳಿಟ್ಟುಕೊಂಡು ಹೋದೆ. ನಡೆಯುವವರಿಗೆ ಕೆಂಪು, ಸೈಕಲ್‌ಗೆ ನೀಲಿ, ಓಡುವವರಿಗೆ ಹಳದಿ. ಮೂರನೇ ಸಲ ಗೆರೆಗಳನ್ನು ಬಿಟ್ಟು, ಗೆರೆ ಇಲ್ಲದ ಜಾಗ ಎಲ್ಲಿದೆ ಅಂತ ಹುಡುಕಿದೆ. ಯಾವ ಗೆರೆಯಿಂದಲೂ ಐದು ನಿಮಿಷದ ನಡಿಗೆಯಷ್ಟು ದೂರ ಇರುವ ಜಾಗ ಇಡೀ ನಕ್ಷೆಯಲ್ಲಿ ಒಂದೂ ಸಿಗಲಿಲ್ಲ.

ಈ ಪತ್ರ ಬರೆಯಲು ಅದೇ ಕಾರಣ.

ನಾನು ತಜ್ಞ ಅಲ್ಲ. ದಿನಾ ಬೆಳಿಗ್ಗೆ ಇಲ್ಲಿ ನಡೆಯುವ ಒಬ್ಬ ಮನುಷ್ಯ ಅಷ್ಟೇ. ದಾರಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ, ಎಲ್ಲಿಗೆ ಹೋದರೂ ಮೊದಲು ಅಲ್ಲಿನ ಕಾಲುದಾರಿ ಹುಡುಕುತ್ತೇನೆ. ಜನರನ್ನು ಒಳಗೆ ಬಿಡಬೇಡಿ ಎಂದು ಹೇಳುವುದು ನನ್ನ ಉದ್ದೇಶ ಖಂಡಿತ ಅಲ್ಲ. ಜನ ಬರಬೇಕು, ಮಕ್ಕಳು ಬರಬೇಕು, ವಯಸ್ಸಾದವರು ಬರಬೇಕು. ಕಾಡಿನೊಳಗೆ ಒಮ್ಮೆಯೂ ಕಾಲಿಡದವರು ಅದನ್ನು ಉಳಿಸಲು ಯಾಕೆ ನಿಲ್ಲುತ್ತಾರೆ? ಆದರೆ ಕೆಲಸದ ಕ್ರಮ ಬದಲಾಗಬೇಕು ಎನ್ನುವುದು ನನ್ನ ಬೇಡಿಕೆ. ನೀವು ಮೊದಲು ದಾರಿ ಎಳೆದಿದ್ದೀರಿ, ಮಿಕ್ಕಿದ್ದನ್ನು ಕಾಡಿಗೆ ಬಿಟ್ಟಿದ್ದೀರಿ. ಮೊದಲು ಕಾಡಿನ ಪಾಲು ತೆಗೆದಿಡಿ. ದಾರಿ ಬೇಡದ ಜಾಗಗಳಿಗೆ ಸುತ್ತು ಹಾಕಿ. ಉಳಿದ ಜಾಗದಲ್ಲಿ ದಾರಿ ಎಳೆಯಿರಿ.

ಇದು ಯಾಕೆ ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಮೀಟರ್ ಅಗಲದ ಕಾಲುದಾರಿ ಒಂದು ಮೀಟರ್ ಜಾಗ ಮಾತ್ರ ತಿನ್ನುತ್ತದೆ ಎಂದು ನಕ್ಷೆ ನೋಡಿದವರಿಗೆ ಅನ್ನಿಸುತ್ತದೆ. ದಾರಿಯ ಮೇಲೆ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ನಾವು ಬರುವ ಸದ್ದಿಗೆ ಪೊದೆಯೊಳಗಿನ ಹಕ್ಕಿ ಮೊದಲು ಸುಮ್ಮನಾಗುತ್ತದೆ, ಆಮೇಲೆ ಹಾರಿಹೋಗುತ್ತದೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಯಾದರೆ ಮೊಟ್ಟೆ ಬಿಟ್ಟು ಏಳುತ್ತದೆ. ದಿನಕ್ಕೆ ಒಂದು ಸಲ ಎದ್ದರೆ ತೊಂದರೆ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಏಳಬೇಕಾದರೆ ಆ ಗೂಡು ಮುಗಿಯಿತು. ಹಾಗಾಗಿ ಒಂದು ಮೀಟರ್ ದಾರಿಯ ಎರಡೂ ಬದಿಗೆ ಹತ್ತಾರು ಮೀಟರ್ ಜಾಗ ನಮ್ಮ ಲೆಕ್ಕಕ್ಕೇ ಸೇರುತ್ತದೆ. ಎರಡು ದಾರಿಗಳು ಹತ್ತಿರ ಹತ್ತಿರ ಹೋದರೆ ನಡುವೆ ಉಳಿದ ಕಾಡು ಕಣ್ಣಿಗೆ ಹಸಿರಾಗಿ ಕಾಣುತ್ತದೆ, ಅಷ್ಟೇ. ಅಲ್ಲಿ ಇರಬೇಕಾದವರು ಇರುವುದಿಲ್ಲ.

ನಾಯಿ ಜೊತೆಗಿದ್ದರೆ ಇನ್ನೂ ಜಾಸ್ತಿ. ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಕಾಡುಗಳಲ್ಲಿ ನಡೆಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹಗ್ಗ ಕಟ್ಟಿದ ನಾಯಿಯನ್ನು ದಾರಿಯ ಮೇಲೆ ನಡೆಸಿಕೊಂಡು ಹೋದರು, ಹಿಂದಿನಿಂದ ಹಕ್ಕಿಗಳನ್ನು ಎಣಿಸಿದರು. ಯಾರೂ ಹೋಗದ ದಾರಿಗೆ ಹೋಲಿಸಿದರೆ ಹಕ್ಕಿಗಳ ಜಾತಿ 35 ಶೇಕಡಾ ಕಡಿಮೆ ಆಗಿತ್ತು, ಸಂಖ್ಯೆ 41 ಶೇಕಡಾ ಕಡಿಮೆ ಆಗಿತ್ತು. ನಾಯಿ ಇಲ್ಲದೆ ಮನುಷ್ಯರು ಮಾತ್ರ ನಡೆದಾಗಲೂ ಹಕ್ಕಿ ಕಡಿಮೆಯಾದವು, ಆದರೆ ಹೆಚ್ಚಿನ ಕಡೆ ಅದರ ಅರ್ಧಕ್ಕಿಂತ ಕಡಿಮೆ. ನನ್ನನ್ನು ಯೋಚನೆಗೆ ಹಚ್ಚಿದ ವಿಷಯ ಇನ್ನೊಂದಿದೆ. ನಾಯಿಗಳು ದಿನಾ ಓಡಾಡುವ ಕಾಡಲ್ಲೂ ಇದೇ ಕಥೆ, ನಾಯಿಗೆ ಪ್ರವೇಶವೇ ಇಲ್ಲದ ಕಾಡಲ್ಲೂ ಇದೇ ಕಥೆ. ಹಕ್ಕಿಗಳು ನಾಯಿಗೆ ಒಗ್ಗಿಕೊಳ್ಳುತ್ತವೆ ಎಂದು ನಾವು ನಮಗೇ ಹೇಳಿಕೊಳ್ಳುವ ಸಮಾಧಾನ ಅಲ್ಲಿ ನಿಲ್ಲಲಿಲ್ಲ.

ನಾಯಿ ಸಾಕಿದವರಿಗೆ ಇದು ಬೇಜಾರು ತರಬಹುದು. ಅವರಲ್ಲಿ ಎಷ್ಟೋ ಜನ ನನ್ನ ಸ್ನೇಹಿತರು, ಮಳೆ ಚಳಿ ಅನ್ನದೆ ದಿನಾ ಉದ್ಯಾನಕ್ಕೆ ಬರುವವರೂ ಅವರೇ. ಅವರಿಗೆ ಬಾಗಿಲು ಹಾಕಬೇಡಿ. ಗೇಟಿನ ಹತ್ತಿರದ ಸುತ್ತು ದಾರಿಯಲ್ಲಿ ಹಗ್ಗ ಹಿಡಿದು ನಡೆಯಲಿ, ಬೇಲಿ ಹಾಕಿದ ಒಂದು ಬಯಲಲ್ಲಿ ನಾಯಿ ಬಿಟ್ಟು ಆಡಿಸಲಿ. ಜೌಗು ನೆಲದ ಕಡೆಗೂ ಒಳಕಾಡಿಗೂ ನಾಯಿ ಬೇಡ. ಅರ್ಧಂಬರ್ಧ ನಿಯಮ ಮಾಡಿ ಫಲಕ ನೆಟ್ಟು ಸುಮ್ಮನಾಗುವುದಕ್ಕಿಂತ, ಎಲ್ಲಿ ಹೌದು ಎಲ್ಲಿ ಇಲ್ಲ ಎಂದು ನಕ್ಷೆಯಲ್ಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು.

ಇನ್ನೊಂದು ಮಾತು. ಒಂದೇ ದಾರಿಯಲ್ಲಿ ತುಂಬಾ ಜನ ಆದರೆ ನೆಲಕ್ಕೆ ಪೆಟ್ಟು, ಹಾಗಾಗಿ ಜಾಸ್ತಿ ದಾರಿ ಮಾಡಿ ಜನರನ್ನು ಹಂಚೋಣ ಎಂದು ನಿಮ್ಮ ಟಿಪ್ಪಣಿಯಲ್ಲಿ ಬರೆದಿದ್ದೀರಿ. ಕೇಳಲು ಸರಿ ಅನ್ನಿಸುತ್ತದೆ. ನೆಲ ಹಾಗೆ ಕೆಲಸ ಮಾಡುವುದಿಲ್ಲ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಡೇವಿಡ್ ಕೋಲ್ ತುಳಿತದಿಂದ ಗಿಡಗಳಿಗೂ ಮಣ್ಣಿಗೂ ಏನಾಗುತ್ತದೆ ಎಂದು ದಶಕಗಳ ಕಾಲ ಅಳೆದವರು. ಅವರಿಗೂ ಬೇರೆಯವರಿಗೂ ಮತ್ತೆ ಮತ್ತೆ ಕಂಡಿದ್ದು ಇಷ್ಟು: ಯಾರೂ ಕಾಲಿಡದ ಜಾಗಕ್ಕೆ ಮೊದಲು ಬರುವ ಸ್ವಲ್ಪ ಜನರೇ ಹಾನಿಯ ದೊಡ್ಡ ಪಾಲು ಮಾಡಿಬಿಡುತ್ತಾರೆ. ಹುಲ್ಲು ಮಲಗುತ್ತದೆ, ಎಳೆ ಗಿಡ ಸಾಯುತ್ತದೆ, ಮಣ್ಣು ಅಮುಕಿ ಗಟ್ಟಿಯಾಗುತ್ತದೆ. ಅಷ್ಟಾದ ಮೇಲೆ ನೂರು ಜನ ಹೋದರೂ ಇನ್ನೂರು ಜನ ಹೋದರೂ ನೆಲಕ್ಕೆ ಹೊಸದಾಗಿ ಆಗುವ ನಷ್ಟ ಕಡಿಮೆ. ಲೆಕ್ಕ ಹೀಗಿರುವಾಗ ನೂರು ಜನರನ್ನು ಐದು ದಾರಿಗೆ ಹಂಚಿದರೆ ಐದು ಕಡೆ ಹಾನಿ ಆಗುತ್ತದೆ. ಒಂದೇ ಗಟ್ಟಿಯಾದ ದಾರಿಯಲ್ಲಿ ಬಿಟ್ಟರೆ ಒಂದೇ ಕಡೆ. ದಾರಿ ಕಡಿಮೆ ಇರಲಿ, ಇರುವುದು ಗಟ್ಟಿಯಾಗಿರಲಿ, ಎಲ್ಲರೂ ಅದರ ಮೇಲೇ ನಡೆಯುವ ಹಾಗಿರಲಿ.

ಕಾಲಿನ ಜೊತೆ ಏನು ಬರುತ್ತದೆ ಅನ್ನುವುದೂ ಇದೆ. ನ್ಯೂಜಿಲೆಂಡಿನಲ್ಲಿ ಕೌರಿ ಎಂಬ ದೈತ್ಯ ಮರಗಳಿವೆ. ಅವುಗಳ ಬೇರು ಕೊಳೆಸುವ ಒಂದು ರೋಗಾಣು ಮಣ್ಣಿನಲ್ಲಿ ಬದುಕುತ್ತದೆ. ಗುಂಡುಸೂಜಿಯ ತಲೆಯಷ್ಟು ಮಣ್ಣು ಸಾಕು, ಬೂಟಿಗೆ ಅಂಟಿಕೊಂಡು ಮುಂದಿನ ಮರಕ್ಕೆ ಹೋಗಲು. ಈ ಮರಗಳ ಸಣ್ಣ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ, ಕಾಲುದಾರಿಗಳು ಅವುಗಳ ಮೇಲೇ ಹೋಗಿದ್ದವು. ಕೊನೆಗೆ 2018ರಲ್ಲಿ ಆಕ್ಲೆಂಡ್ ಹತ್ತಿರದ ವೈಟಾಕೆರೆ ಬೆಟ್ಟಗಳ ಕಾಡನ್ನು ಜನರಿಗೆ ಮುಚ್ಚಬೇಕಾಯಿತು. ಆಮೇಲೆ ಕೆಲವು ದಾರಿಗಳನ್ನು ಬೇರಿಗೆ ಕಾಲು ತಾಗದ ಹಾಗೆ ಮರದ ಹಲಗೆ, ಜಲ್ಲಿ ಹಾಕಿ ಎತ್ತರಿಸಿ, ಬೂಟು ತೊಳೆಯುವ ಜಾಗ ಇಟ್ಟು, ಒಂದೊಂದಾಗಿ ತೆರೆದರು. ನಮ್ಮ ಉದ್ಯಾನದಲ್ಲಿ ಕೌರಿ ಇಲ್ಲ. ಆದರೆ ಹಳೆಯ ಮರಗಳಿವೆ, ಅವುಗಳ ಬುಡಕ್ಕೇ ತಾಗಿ ನಿಮ್ಮ ಕೆಂಪು ಗೆರೆ ಮೂರು ಕಡೆ ಹೋಗಿದೆ. ಮರವನ್ನು ಸ್ವಲ್ಪ ದೂರದಿಂದ ನೋಡಿದರೂ ಚಂದವೇ ಅಲ್ವಾ? ಬುಡದ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಮರ ಅದನ್ನು ತಕ್ಷಣ ಹೇಳುವುದಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ತುದಿಯ ಕೊಂಬೆ ಒಣಗುವಾಗ ಹೇಳುತ್ತದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಏಕೆಂದರೆ ನಾನು ನೋಡಿದ ಕೆಟ್ಟುಹೋದ ದಾರಿಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಕಾಲಿನಿಂದ ಶುರುವಾಗಿ ನೀರಿನಿಂದ.

ಬಹಳ ವರ್ಷಗಳ ಹಿಂದೆ ಬೇರೊಂದು ಉದ್ಯಾನದಲ್ಲಿ ಗುಡ್ಡದ ತುದಿಗೆ ಹೊಸ ದಾರಿ ಮಾಡಿದರು. ಬುಡದಿಂದ ನೆತ್ತಿಗೆ ನೇರ ಗೆರೆ. ಬೇಗ ತಲುಪಬಹುದು ಎಂದು ನಾವೆಲ್ಲ ಸಂಭ್ರಮಪಟ್ಟೆವು. ಉದ್ಘಾಟನೆಯ ದಿನ ನಾನೂ ಹತ್ತಿದ್ದೆ. ಮೊದಲ ಮಳೆಗಾಲದಲ್ಲಿ ದಾರಿಯ ನಡುವೆ ಬೆರಳಗಲದ ಗೀರು ಬಿತ್ತು. ಎರಡನೇ ಮಳೆಗಾಲಕ್ಕೆ ಅದು ಮೊಣಕಾಲು ಆಳದ ಕೊರಕಲು. ಕೊರಕಲಲ್ಲಿ ಯಾರು ನಡೆಯುತ್ತಾರೆ? ಎಲ್ಲರೂ ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟೆವು. ಅಲ್ಲೊಂದು ಹೊಸ ಜಾಡು ಆಯಿತು, ಅದೂ ಕೊರೆಯಿತು. ಮೂರನೇ ವರ್ಷ ಗುಡ್ಡದ ಮೈಮೇಲೆ ನಾಲ್ಕು ಕೊರಕಲುಗಳು ಅಕ್ಕಪಕ್ಕ ಬಿದ್ದಿದ್ದವು. ಬೇರುಗಳು ಹೊರಗೆ ಬಂದಿದ್ದವು. ಕೆಳಗಿನ ಕೊಳದ ನೀರು ಕೆಂಪಾಗಿತ್ತು. ಆ ನಾಲ್ಕರಲ್ಲಿ ಒಂದು ಜಾಡಿಗೆ ನನ್ನ ಕಾಲೂ ಸೇರಿದೆ. ಇವತ್ತಿಗೂ ಅದು ನನಗೆ ನೋವಿನ ವಿಷಯ.

ಗುಡ್ಡದ ಮೇಲೆ ಬಿದ್ದ ನೀರು ಹರಡಿಕೊಂಡು ನಿಧಾನವಾಗಿ ಇಳಿಯುವಾಗ ಯಾರಿಗೂ ತೊಂದರೆ ಮಾಡುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಅಂತೀವಲ್ಲ, ತಾಪತ್ರಯ ಶುರುವಾಗುವುದು ಆ ಕೂಡುವ ಕಡೆ. ನೇರ ಇಳಿಯುವ ದಾರಿ ಎಲ್ಲ ಹನಿಗಳನ್ನೂ ಒಂದು ಕಾಲುವೆಗೆ ತರುತ್ತದೆ. ಅದಕ್ಕೇ ಅನುಭವ ಇರುವ ದಾರಿ ಕಟ್ಟುವವರು ಗುಡ್ಡವನ್ನು ನೇರ ಹತ್ತಿಸುವುದಿಲ್ಲ, ಗುಡ್ಡದ ಸೊಂಟ ಸುತ್ತಿಸಿಕೊಂಡು ಹೋಗುತ್ತಾರೆ. ಅವರಲ್ಲಿ ಒಂದು ಸುಲಭದ ಲೆಕ್ಕ ಇದೆ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡದ ಮೈ ನೂರು ಅಡಿಗೆ 20 ಅಡಿ ಇಳಿಯುತ್ತಿದ್ದರೆ ದಾರಿ ನೂರು ಅಡಿಗೆ 10 ಅಡಿಗಿಂತ ಜಾಸ್ತಿ ಏರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವ ಬದಲು ದಾರಿಯ ಉದ್ದಕ್ಕೇ ಓಡುತ್ತದೆ. ಗುಡ್ಡ ಎಷ್ಟೇ ಕಡಿದಾಗಿದ್ದರೂ ದಾರಿಯ ಸರಾಸರಿ ಏರು ನೂರಕ್ಕೆ 10ರ ಒಳಗೇ ಇರಲಿ ಎಂಬುದು ಇನ್ನೊಂದು ಲೆಕ್ಕ.

ದಾರಿಯ ಹೊರ ಅಂಚು ಒಳ ಅಂಚಿಗಿಂತ ಚೂರು ತಗ್ಗಿರಬೇಕು. ಒಂದು ಮೀಟರ್ ಅಗಲಕ್ಕೆ ಐದು ಸೆಂಟಿಮೀಟರ್ ಸಾಕು, ನಡೆಯುವವರ ಕಾಲಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಏರುತ್ತಾ ಹೋಗುವ ದಾರಿ ಅಲ್ಲಲ್ಲಿ ನಾಲ್ಕು ಹೆಜ್ಜೆ ಇಳಿದು ಮತ್ತೆ ಏರಬೇಕು. ಆ ತಗ್ಗಿನಲ್ಲಿ ನೀರು ಹೊರಗೆ ಹೋಗಿಬಿಡುತ್ತದೆ. ಇದಕ್ಕೆ ಸಿಮೆಂಟ್ ಬೇಡ, ಪೈಪ್ ಬೇಡ. ಮೊದಲೇ ಯೋಚಿಸಿ ಎಳೆದ ಗೆರೆ ಸಾಕು. ನಿಮ್ಮ ನಕ್ಷೆಯ ಪೂರ್ವದ ಗುಡ್ಡದ ದಾರಿಯನ್ನು ದಯವಿಟ್ಟು ಈ ಲೆಕ್ಕ ಹಿಡಿದು ಇನ್ನೊಮ್ಮೆ ನೋಡಿ. ಅದು ನಾನು ಮೇಲೆ ಹೇಳಿದ ದಾರಿಯ ತಮ್ಮನ ಹಾಗಿದೆ.

ಸಪಾಟು ನೆಲವನ್ನೂ ನಂಬಬೇಡಿ. ಕಾಗದದ ಮೇಲೆ ಅದು ಸುಲಭದ ಜಾಗ. ಆದರೆ ನೀರಿಗೆ ಹೋಗಲು ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ, ಕೆಸರಾಗುತ್ತದೆ. ಕೆಸರು ತಪ್ಪಿಸಲು ಜನ ಪಕ್ಕಕ್ಕೆ ಹೋಗುತ್ತಾರೆ, ಒಂದು ಮೀಟರಿನ ದಾರಿ ಐದು ಮೀಟರ್ ಆಗುತ್ತದೆ. ಇಂಗ್ಲೆಂಡಿನ ಪೆನೈನ್ ವೇ ಎಂಬ ದೂರದಾರಿ 1965ರಲ್ಲಿ ತೆರೆಯಿತು. ಸುಮಾರು 430 ಕಿಲೋಮೀಟರ್. ಅದರ ಒಂದಿಷ್ಟು ಭಾಗ ಪೀಟ್ ಎಂಬ ಮೆತ್ತನೆಯ ಜೌಗು ಮಣ್ಣಿನ ಮೇಲೆ ಹೋಗುತ್ತದೆ. ಜನ ಇಷ್ಟಪಟ್ಟು ಬಂದರು, ಮಣ್ಣು ತಡೆಯಲಿಲ್ಲ, ಕೆಲವು ಕಡೆ ದಾರಿ ಕಪ್ಪು ಕೆಸರಿನ ಅಗಲವಾದ ಪಟ್ಟಿಯಾಯಿತು. ಕೊನೆಗೆ ಮುಚ್ಚಿಹೋದ ಹಳೇ ಬಟ್ಟೆ ಗಿರಣಿಗಳ ನೆಲದ ಚಪ್ಪಡಿ ಕಲ್ಲುಗಳನ್ನು ಹೆಲಿಕಾಪ್ಟರ್‌ನಲ್ಲಿ ಹೊತ್ತು ತಂದು ಹಾಸಿದರು. ಇಂಥ ಕಡೆ ಕಲ್ಲು ಹಾಸುವುದೇ ಎಂದು ಬೇಸರಪಟ್ಟವರೂ ಇದ್ದರು. ಆದರೆ ಜನ ಆ ಕಲ್ಲಿನ ಮೇಲೆ ನಡೆದರು, ಎರಡೂ ಬದಿಯ ನೆಲಕ್ಕೆ ಮತ್ತೆ ಹಸಿರು ಬರಲು ಅವಕಾಶ ಸಿಕ್ಕಿತು. ನಮ್ಮ ಜೌಗು ನೆಲದ ಪಕ್ಕದಲ್ಲಿ ದಾರಿ ಬೇಕೇ ಬೇಕು ಅಂತಾದರೆ ನೆಲದಿಂದ ಎತ್ತರಿಸಿದ ಹಲಗೆ ದಾರಿ ಮಾಡಿ. ಒಂದೇ ಒಂದು, ಅಂಚಿನಲ್ಲಿ ಮಾತ್ರ, ನಡುವೆ ಹಾಯುವಂಥದ್ದು ಬೇಡ. ದುಡ್ಡು ಸಾಲದಿದ್ದರೆ ಈಗ ಬೇಡ. ದುಡ್ಡು ಬಂದ ಮೇಲೆ ಮಾಡಿ. ತಾತ್ಕಾಲಿಕ ಎಂದು ಮಣ್ಣು ಸುರಿದು ಮಾಡುವ ದಾರಿ ಎಂದೂ ತಾತ್ಕಾಲಿಕ ಆಗುವುದಿಲ್ಲ.

ಯಾರಿಗೆ ಯಾವ ದಾರಿ ಎಂಬ ಪ್ರಶ್ನೆಗೆ ನೀವು ಬಣ್ಣ ಹಚ್ಚಿ ಉತ್ತರ ಕೊಟ್ಟಿದ್ದೀರಿ. ಅದು ಒಳ್ಳೆಯ ಶುರು. ಆದರೆ ಮೂರು ಬಣ್ಣಗಳೂ ಹಳ್ಳದ ಸೇತುವೆ ಹತ್ತಿರ ಒಂದೇ ಕಡೆ ಕೂಡುತ್ತವೆ, ಅದೂ ಕಣ್ಣಿಗೆ ಕಾಣದ ತಿರುವಿನಲ್ಲಿ. ಇಳಿಜಾರಲ್ಲಿ ಬರುವ ಸೈಕಲ್, ಕೈಬಿಡಿಸಿಕೊಂಡು ಓಡುವ ಮಗು, ಕಿವಿ ಸರಿಯಾಗಿ ಕೇಳದ ಅಜ್ಜ ಮೂವರೂ ಅಲ್ಲಿ ಒಟ್ಟಿಗೆ ಸಿಗುತ್ತಾರೆ. ಯಾರದೂ ತಪ್ಪಿಲ್ಲ, ಆದರೂ ಯಾರಿಗೋ ಪೆಟ್ಟಾಗುತ್ತದೆ. ಆಮೇಲೆ ಒಬ್ಬರ ಮೇಲೊಬ್ಬರು ದೂರು, ಕೊನೆಗೆ ಸೈಕಲ್ಲೇ ಬೇಡ ಎಂಬ ನಿಯಮ. ಇದು ಬೇಕಾ?

1858ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಯೋಜನೆ ಮಾಡಿದಾಗ ಇದೇ ಪ್ರಶ್ನೆ ಅವರ ಮುಂದೆಯೂ ಇತ್ತು. ಪಾರ್ಕನ್ನು ಅಡ್ಡ ದಾಟುವ ನಾಲ್ಕು ರಸ್ತೆಗಳನ್ನು ಅವರು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದರು. ಒಳಗೆ ನಡೆಯುವವರಿಗೆ, ಕುದುರೆ ಸವಾರರಿಗೆ, ಗಾಡಿಗಳಿಗೆ ಬೇರೆ ಬೇರೆ ದಾರಿ ಮಾಡಿ, ಒಂದನ್ನೊಂದು ಹಾಯುವ ಕಡೆ ಸೇತುವೆ ಕಟ್ಟಿ ಮೇಲೆ ಕೆಳಗೆ ಕಳಿಸಿದರು. ಆಗ ಮೋಟಾರು ಕಾರು ಇನ್ನೂ ಹುಟ್ಟಿರಲಿಲ್ಲ. ಆ ಯೋಜನೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ನಮಗೆ ಅಷ್ಟು ದೊಡ್ಡ ಕಟ್ಟಡ ಕೆಲಸ ಬೇಡ. ಕೂಡುವ ಜಾಗವನ್ನು ತಿರುವಿನಿಂದ ಬಯಲಿಗೆ ಸರಿಸಿ, ಇಬ್ಬರಿಗೂ ದೂರದಿಂದ ಕಾಣಲಿ. ಸೈಕಲ್ ದಾರಿ ಅಲ್ಲಿಗೆ ಬರುವ ಮೊದಲು ಸ್ವಲ್ಪ ಏರಲಿ, ವೇಗ ತಾನಾಗಿ ಇಳಿಯುತ್ತದೆ. ಕಡಿದಾದ ಕಡೆ ಸೈಕಲ್ ಒಂದೇ ದಿಕ್ಕಿಗೆ ಹೋಗಲಿ. ಸಿಂಗಾಪುರದ ಮ್ಯಾಕ್‌ರಿಚಿ ಕಾಡಿನಲ್ಲಿ ಮರಗಳ ನೆತ್ತಿಯ ಮಟ್ಟದಲ್ಲಿ 250 ಮೀಟರ್ ಉದ್ದದ ತೂಗುಸೇತುವೆ ಇದೆ. ಅದರ ಮೇಲೆ ಎಲ್ಲರೂ ಒಂದೇ ದಿಕ್ಕಿಗೆ ನಡೆಯಬೇಕು. ಇಕ್ಕಟ್ಟಿನ ಜಾಗಕ್ಕೆ ಇದಕ್ಕಿಂತ ಸುಲಭದ ಉಪಾಯ ಇಲ್ಲ.

ದಾರಿಗಳು ಸುತ್ತಿ ಬರುವ ಹಾಗಿರಲಿ. ಹೋದ ದಾರಿಯಲ್ಲೇ ವಾಪಸ್ ಬರುವುದು ಯಾರಿಗೂ ಇಷ್ಟ ಆಗುವುದಿಲ್ಲ, ಹಾಗಾಗಿ ತುದಿಯಲ್ಲಿ ನಿಂತವರು ಪೊದೆ ಸೀಳಿಕೊಂಡು ಹೊಸ ದಾರಿ ಮಾಡುತ್ತಾರೆ. ಗೇಟಿನ ಹತ್ತಿರ ಒಂದು ಸಣ್ಣ ಸುತ್ತು, ಅದಕ್ಕೆ ಅಂಟಿಕೊಂಡು ಒಂದು ಮಧ್ಯಮ ಸುತ್ತು, ಅದರಾಚೆ ಒಂದು ದೊಡ್ಡದು. ಹೆಚ್ಚಿನವರು ಸಣ್ಣದರಲ್ಲೇ ಖುಷಿಪಟ್ಟು ವಾಪಸಾಗುತ್ತಾರೆ. ದೂರ ಹೋದಷ್ಟೂ ಜನ ಕಡಿಮೆ, ಸದ್ದು ಕಡಿಮೆ. ದಾರಿ ಬೇಡದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ. ಈಗಾಗಲೇ ಜನ ತುಳಿದು ಮಾಡಿಕೊಂಡ ಸೀಳುದಾರಿಗಳನ್ನೂ ನೋಡಿ. ಅವು ಜನರ ಅರ್ಜಿ ಇದ್ದ ಹಾಗೆ. ಎಲ್ಲಿಗೆ ಹೋಗಬೇಕು ಅಂತ ಅವರಿಗೆ ಅನ್ನಿಸಿದೆಯೋ ಅಲ್ಲಿಗೇ ಹೋಗುತ್ತವೆ. ಕೆಲವನ್ನು ಒಪ್ಪಿ ಸರಿಯಾದ ದಾರಿ ಮಾಡಿ. ಮುಚ್ಚಬೇಕಾದ್ದನ್ನು ಬರೀ ಫಲಕ ಹಾಕಿ ಮುಚ್ಚಬೇಡಿ, ಬಾಯಲ್ಲಿ ಮುಳ್ಳಿನ ಗಿಡ ನೆಡಿ, ಬಿದ್ದ ಕೊಂಬೆ ಅಡ್ಡ ಹಾಕಿ, ಅಲ್ಲಿ ದಾರಿ ಇತ್ತು ಅನ್ನುವುದೇ ಕಣ್ಣಿಗೆ ಬೀಳದಿರಲಿ.

ಈಗ ನನ್ನ ಅಮ್ಮನ ಮಾತು. ಕೊನೆಯ ಕೆಲವು ವರ್ಷ ಅವರು ವೀಲ್‌ಚೇರಿನಲ್ಲಿದ್ದರು. ಒಂದು ಉದ್ಯಾನದಲ್ಲಿ ನೀರಿನ ತನಕ ಎಲ್ಲರೂ ಹೋಗಬಹುದಾದ ದಾರಿ ಇದೆ ಎಂದು ಬರೆದಿದ್ದರು. ಕರೆದುಕೊಂಡು ಹೋದೆ. ನಿಜಕ್ಕೂ ಒಳ್ಳೆಯ ದಾರಿ. ಗಟ್ಟಿ ನೆಲ, ಮೆಲ್ಲನೆಯ ಏರು. ಕೊನೆಗೆ, ನೀರಿಗೆ ಹತ್ತು ಹೆಜ್ಜೆ ಇರುವಾಗ, ಮೂರು ಮೆಟ್ಟಿಲು. ಇಬ್ಬರು ಹುಡುಗರು ಓಡಿ ಬಂದು ಕುರ್ಚಿ ಎತ್ತಿ ಅಟ್ಟಣಿಗೆಯ ಮೇಲಿಟ್ಟರು. ಅಟ್ಟಣಿಗೆಗೆ ನಿಂತವರ ಎದೆಮಟ್ಟಕ್ಕೆ ಹಲಗೆಯ ತಡೆ ಇತ್ತು, ಸಂದಿಲ್ಲದೆ ಬಡಿದ ಹಲಗೆ. ಕೂತ ಅಮ್ಮನಿಗೆ ಕಂಡಿದ್ದು ಆ ಹಲಗೆ ಮಾತ್ರ. ನೀರಿನ ಸದ್ದು ಕೇಳಿಸಿತು, ಸಾಕು ಬಿಡು ಅಂದರು. ಅವರು ಸಾಕು ಅಂದರು, ನನಗೆ ಸಾಕಾಗಲಿಲ್ಲ.

ಆ ದಾರಿ ಮಾಡಿದವರಿಗೆ ಕೆಟ್ಟ ಮನಸ್ಸಿರಲಿಲ್ಲ. ಕೂತು ನೋಡುವವರು ಯಾರೂ ಅವರ ಸಭೆಯಲ್ಲಿ ಇರಲಿಲ್ಲ ಅಷ್ಟೇ. ನಿಮ್ಮ ಸಭೆಗೆ ಅಂಥವರನ್ನು ಕರೆಯಿರಿ. ಕಣ್ಣು ಕಾಣದವರನ್ನೂ ಕರೆಯಿರಿ. ಅಳತೆಗಳು ಬೇಕಿದ್ದರೆ ಹುಡುಕುತ್ತಾ ಕೂರಬೇಕಿಲ್ಲ. ಅಮೆರಿಕ 2013ರಲ್ಲಿ ತನ್ನ ಸರ್ಕಾರಿ ಕಾಡು, ಉದ್ಯಾನಗಳ ಕಾಲುದಾರಿಗೆ ಅಂತಲೇ ನಿಯಮ ತಂದಿತು. 20 ಅಡಿಗೆ ಒಂದು ಅಡಿ ಏರುವ ದಾರಿ ಎಷ್ಟು ಉದ್ದ ಬೇಕಾದರೂ ಇರಬಹುದು. 12ಕ್ಕೆ ಒಂದರಂತೆ ಏರಿದರೆ 200 ಅಡಿಯೊಳಗೆ ಒಂದು ಸಮತಟ್ಟಾದ ವಿಶ್ರಾಂತಿ ಜಾಗ ಬರಲೇಬೇಕು. 10ಕ್ಕೆ ಒಂದಾದರೆ 30 ಅಡಿಗೇ. ದಾರಿಯ ಅಗಲ ಕನಿಷ್ಠ 3 ಅಡಿ. ಈ ಅಳತೆಯಲ್ಲಿ ಮಾಡಿದ ದಾರಿ ತಳ್ಳುಗಾಡಿಯ ಮಗುವಿಗೂ, ಮಂಡಿನೋವಿನವರಿಗೂ, ಗರ್ಭಿಣಿಗೂ ಅನುಕೂಲ. ನೀರು ನಿಭಾಯಿಸಲು ಬೇಕಾದ ಮೆಲ್ಲನೆಯ ಏರೂ ಹೆಚ್ಚುಕಡಿಮೆ ಇದೇ, ಗಮನಿಸಿದಿರಾ? ಹಾಗಂತ ಎಲ್ಲ ದಾರಿಗಳನ್ನೂ ಹೀಗೇ ಮಾಡಿ ಅನ್ನುತ್ತಿಲ್ಲ, ಗುಡ್ಡ ಕೆಡುತ್ತದೆ. ಆದರೆ ಮಾಡುವ ಒಂದು ದಾರಿ ಉದ್ಯಾನದ ಒಳ್ಳೆಯ ಜಾಗಕ್ಕೇ ಹೋಗಲಿ. ಪಾರ್ಕಿಂಗ್ ಜಾಗದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ ಮುಗಿಸಬೇಡಿ. ಮತ್ತು ಕೊನೆಯ ಹತ್ತು ಹೆಜ್ಜೆಯನ್ನು ದಯವಿಟ್ಟು ಎರಡು ಸಲ ನೋಡಿ.

ದೀಪಗಳ ಬಗ್ಗೆ ಎರಡೇ ಮಾತು. ಗೇಟು ಮತ್ತು ವಾಹನ ನಿಲ್ಲಿಸುವ ಜಾಗ ಬಿಟ್ಟು ಎಲ್ಲೂ ಬೇಡ. ಬಿಳಿ ಬೆಳಕಿಗೆ ರಾತ್ರಿಯ ಹುಳುಗಳು ಬಂದು ಸುತ್ತಿ ಸುತ್ತಿ ಸಾಯುತ್ತವೆ, ಹುಳು ನಂಬಿದ ಬಾವಲಿ, ಹಕ್ಕಿಗಳ ಊಟ ಹೋಗುತ್ತದೆ. ಕತ್ತಲಾದ ಮೇಲೆ ಉದ್ಯಾನ ಅವುಗಳ ಪಾಲಿಗಿರಲಿ. ಧ್ವನಿವರ್ಧಕ, ಆಟದ ಯಂತ್ರಗಳು, ಸೆಲ್ಫಿ ತೆಗೆಯುವ ಕಟ್ಟೆ ಇವೆಲ್ಲ ಬೇರೆ ಪಾರ್ಕುಗಳಲ್ಲಿ ಸಿಗುತ್ತವೆ.

ಎಷ್ಟು ಜನ ಬರಬಹುದು ಎಂಬ ಅಂದಾಜು ನಿಮ್ಮ ವರದಿಯಲ್ಲಿದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಎಷ್ಟು ಬದಲಾವಣೆ ಆದರೆ ನಾವು ಸಾಕು ಅನ್ನುತ್ತೇವೆ? ಅಮೆರಿಕದ ಅರಣ್ಯ ಸೇವೆ 1985ರಲ್ಲಿ ಹೀಗೆ ಯೋಚಿಸುವ ಒಂದು ಕ್ರಮವನ್ನೇ ಪ್ರಕಟಿಸಿತು. ಒಪ್ಪಬಹುದಾದ ಬದಲಾವಣೆಗೆ ಮಿತಿ ಹಾಕಿಕೊಳ್ಳುವುದು ಅದರ ತಿರುಳು. ಜನ ಕಾಲಿಟ್ಟರೆ ಏನಾದರೂ ಬದಲಾಗಿಯೇ ಆಗುತ್ತದೆ, ಅದನ್ನು ಒಪ್ಪಿಕೊಳ್ಳಿ. ದಾರಿ ಇಷ್ಟು ಅಗಲ ಮೀರಬಾರದು, ಇಷ್ಟಕ್ಕಿಂತ ಜಾಸ್ತಿ ಬೇರು ಹೊರಗೆ ಬರಬಾರದು, ಈ ಜಾಗದಲ್ಲಿ ಗೂಡುಗಳು ಇಷ್ಟಕ್ಕಿಂತ ಕಡಿಮೆ ಆಗಬಾರದು ಎಂದು ಮೊದಲೇ ಬರೆದಿಡಿ. ವರ್ಷಕ್ಕೊಮ್ಮೆ ಅಳೆಯಿರಿ. ಮೀರಿದರೆ ಏನು ಮಾಡುತ್ತೀರಿ ಎಂಬುದನ್ನೂ ಈಗಲೇ ಬರೆಯಿರಿ, ಆಗ ಜಗಳಕ್ಕೆ ಜಾಗ ಇರುವುದಿಲ್ಲ. ಅಳೆಯುವ ಕೆಲಸಕ್ಕೆ ನಮ್ಮಂಥ ದಿನಾ ನಡೆಯುವವರನ್ನು ಕರೆದರೆ ಸಂತೋಷದಿಂದ ಬರುತ್ತೇವೆ. ಗೂಡು ಕಟ್ಟುವ ತಿಂಗಳುಗಳಲ್ಲಿ ಕೆಲವು ದಾರಿ ಮುಚ್ಚಬೇಕಾದರೂ ಕಾರಣ ಬರೆದು ಹಾಕಿ. ಕಾರಣ ಗೊತ್ತಾದರೆ ಜನ ಒಪ್ಪುತ್ತಾರೆ.

ಓಲ್ಮ್‌ಸ್ಟೆಡ್ ಹೆಸರು ಮೇಲೆ ಬಂತಲ್ಲ, ಅವರದೇ ಇನ್ನೊಂದು ವಿಷಯ ಹೇಳಬೇಕು. 1865ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯ ಬಗ್ಗೆ ಅವರೊಂದು ವರದಿ ಬರೆದರು. ಆಗ ಅಲ್ಲಿಗೆ ವರ್ಷಕ್ಕೆ ಬರುತ್ತಿದ್ದವರು ಕೆಲವು ನೂರು ಜನ. ಈ ನೂರುಗಳು ಸಾವಿರಗಳಾಗುತ್ತವೆ, ಒಂದು ಶತಮಾನದಲ್ಲಿ ದಶಲಕ್ಷಗಳಾಗುತ್ತವೆ ಎಂದರು. ಇವತ್ತು ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಗಾಯವನ್ನು ಆ ದಶಲಕ್ಷಗಳಿಂದ ಗುಣಿಸಿ ನೋಡಬೇಕು ಎಂದೂ ಬರೆದರು. ಅದು ಹಾಗೇ ಆಯಿತು. ಈಗ ಅಲ್ಲಿಗೆ ವರ್ಷಕ್ಕೆ ಹಲವು ದಶಲಕ್ಷ ಜನ ಬರುತ್ತಾರೆ. ನಿಮ್ಮ ನಕ್ಷೆಯ ಪ್ರತಿ ಗೆರೆಯನ್ನೂ ಇಂದು ಬರುವ ಜನರಿಗಲ್ಲ, ನಮ್ಮ ಮೊಮ್ಮಕ್ಕಳ ಕಾಲದ ಜನಕ್ಕೆ ಗುಣಿಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ನಿರ್ವಹಣೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಕಟ್ಟಲು ದುಡ್ಡು ಒಮ್ಮೆ ಸಿಗುತ್ತದೆ, ನೋಡಿಕೊಳ್ಳಲು ಪ್ರತಿ ವರ್ಷ ಬೇಕು. ನೋಡಿಕೊಳ್ಳಲು ಆಗುವಷ್ಟೇ ದಾರಿ ಮಾಡಿ. ಬೇಕಾದರೆ ಆಮೇಲೆ ಒಂದು ಸೇರಿಸಬಹುದು. ಜನ ಒಗ್ಗಿಕೊಂಡ ದಾರಿಯನ್ನು ಮುಚ್ಚುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಿದೆ.

ನನ್ನ ಕಡೆಯಿಂದ ಒಂದೇ ಕೋರಿಕೆ. ಗೂಟ ಹೊಡೆಯುವುದನ್ನು ಒಂದು ಜೋರು ಮಳೆ ಬರುವ ತನಕ ನಿಲ್ಲಿಸಿ. ಮಳೆ ಬಂದ ಮರುದಿನ ಬೆಳಿಗ್ಗೆ ನಕ್ಷೆ ಹಿಡಿದು ಎಲ್ಲರೂ ಒಟ್ಟಿಗೆ ಒಳಗೆ ನಡೆಯೋಣ. ಒಂದಿಷ್ಟು ಬಣ್ಣದ ರಿಬ್ಬನ್ ತನ್ನಿ. ನೀರು ನಿಂತ ಕಡೆ, ಹರಿದ ಕಡೆ, ಹಳೇ ಮರದ ಬೇರು ಹರಡಿದ ಕಡೆ ಕಟ್ಟುತ್ತಾ ಹೋಗೋಣ. ಜೌಗು ನೆಲದ ಆಚೆಗೊಂದು ಕುರುಚಲು ಕಾಡಿದೆ, ನಕ್ಷೆಯಲ್ಲಿ ಅದರ ನಡುವೆ ಹಳದಿ ಗೆರೆ ಹೋಗಿದೆ. ಇಷ್ಟು ವರ್ಷದಲ್ಲಿ ನಾನು ಅದರೊಳಗೆ ಹೋಗಿಲ್ಲ. ಬೆಳಗಿನ ಹೊತ್ತು ಅದರ ಅಂಚಿನಲ್ಲಿ ನಿಂತರೆ ಒಳಗಿನಿಂದ ಸದ್ದು ಬರುತ್ತದೆ. ನೀವೂ ಅಲ್ಲಿ ಹತ್ತು ನಿಮಿಷ ನಿಲ್ಲಿ. ಆ ಹಳದಿ ಗೆರೆ ಬೇಕಾ ಬೇಡವಾ ಎಂದು ಅಲ್ಲೇ ತೀರ್ಮಾನ ಮಾಡಿ.

ದಿನ ತಿಳಿಸಿದರೆ ಗೇಟಿನ ಹತ್ತಿರ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ,
ಹಳೇ ಕಾಲುದಾರಿಯಲ್ಲಿ ದಿನಾ ನಡೆಯುವ ಒಬ್ಬ